ಏಳು ಕಾಳು

ಟ್ರಿಯೆಸ್ಟೆಯಲ್ಲಿ ಇವತ್ತು ಬೋರಾ ಗಾಳಿ.
ಕಿಟಕಿ ಬಾಗಿಲು ಹಲ್ಲು ಕಡಿಯುತ್ತಿದೆ.
ಅಡುಗೆಮನೆಯ ಮೇಜಿನ ಮೇಲೆ ಹಡಗು ಮಲಗಿದೆ:
ಅಂಟುಪಟ್ಟಿ ಹಚ್ಚಿ ಜೋಡಿಸಿದ ನಾಲ್ಕು ಹಾಳೆ,
ಮೂಲೆಗೊಂದು ಕಾಫಿ ಬಟ್ಟಲು.
ಹತ್ತನೆಯ ಅಂತಸ್ತಿನ ಈಜುಕೊಳದಲ್ಲಿ ಆಗಲೇ ಕಂದು ಉಂಗುರ.

ನಾಳೆಯ ಯೋತಾಕ್ಕೆಂದು ಅಮ್ಮ ಬೀನ್ಸ್ ಆರಿಸುತ್ತಿದ್ದಳು.
ಮೊರವಿಲ್ಲದ ಊರು, ತಟ್ಟೆಯಲ್ಲೇ ಸರಿಸಿ ಸರಿಸಿ ಕಲ್ಲು ಹುಡುಕುವುದು.
ರೆಂಜೊ ಅದರಿಂದ ಏಳು ಕಾಳು ಎತ್ತಿಕೊಂಡ.
ಇದು ನಾನು, ಇದು ಅಕ್ಕ, ದಪ್ಪಗಿರೋದು ಅಪ್ಪ.
ಸುಕ್ಕುಗಟ್ಟಿದ ಒಂದನ್ನು ಹಿಡಿದು ಅಜ್ಜನ ಮುಖ ನೋಡಿದ.
"ಸರಿ ಮಾರಾಯ, ಅದೇ ನಾನು."
ಚುಕ್ಕೆಯಿಲ್ಲದ ಬಿಳಿ ಕಾಳೊಂದು ಎಲ್ಲಿಂದಲೋ ಸೇರಿಕೊಂಡಿತ್ತು,
ಅದು ಅಜ್ಜಿ.

ಫುಲ್ವಿಯಾ ಬಾಲ್ಕನಿಯೇ ಬೇಕೆಂದಳು.
ಡೂಶಾನ್ ಫೋನಿನಲ್ಲಿ ಗುಣಿಸಿ ನೋಡಿ
"ಎರಡು ಕುರ್ಚಿ ಹಿಡಿಯುವ ಜಾಗಕ್ಕೆ ಇಷ್ಟೊಂದೇ?" ಎಂದು ಮೂಗು ಮುರಿದ.
ಹದಿನೈದರ ಇಲಾರಿಯಾ ಕೇಳಿದ್ದು ಒಂದೇ ಮಾತು,
ಅಪ್ಪ-ಅಮ್ಮನ ಕೋಣೆಗೂ ತನ್ನದಕ್ಕೂ ನಡುವೆ ಬಾಗಿಲಿದೆಯೇ,
ಇದ್ದರೆ ಅದರ ಚಿಲಕ ಯಾರ ಕಡೆಗೆ.

ಅಪ್ಪನದು ಬೇರೆಯೇ ಲೆಕ್ಕ.
ಮೂವತ್ತೊಂದು ವರ್ಷ ಎಣ್ಣೆ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂದವರು.
"ನಡುಭಾಗ ಹಿಡಿಯಿರಿ, ಅಲ್ಲಿ ತೂಗಾಟ ಕಡಿಮೆ.
ಲಂಗರಿನ ಸರಪಳಿ ಬಳಿ ಬೇಡ, ಬೆಳಗಿನ ಐದಕ್ಕೆ ಸತ್ತವರೂ ಏಳುತ್ತಾರೆ.
ಕೋಣೆಯನ್ನು ನೋಡಬೇಡಿ, ಕೋಣೆಯ ಮೇಲೇನಿದೆ ನೋಡಿ,
ಕೆಳಗೇನಿದೆ ನೋಡಿ.
ಮೇಲೂ ಮಲಗುವವರಿರಬೇಕು, ಕೆಳಗೂ ಮಲಗುವವರಿರಬೇಕು."
ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನೊಬ್ಬಳೇ.
ಒಬ್ಬಳಿಗೂ ಇಬ್ಬರ ದುಡ್ಡು ಕೇಳುತ್ತಾರೆ,
ಬಿಟ್ಟುಹೋದವನ ಹಾಸಿಗೆಗೂ ಬಾಡಿಗೆ ಕಟ್ಟಬೇಕು.
ನನ್ನ ಕಾಳು ಅಲ್ಲಿ ಇಲ್ಲಿ ಉರುಳಿ
ಕೊನೆಗೆ ಜೀವರಕ್ಷಕ ದೋಣಿಯೊಂದರಲ್ಲಿ ಕೂತಿತ್ತು.

ಢಬ್ ಎಂದು ಹೊರಗೇನೋ ಬಿತ್ತು.
ಅಪ್ಪ ಹಗ್ಗ ಹುಡುಕಿಕೊಂಡು ಹೋದರು, ಹಿಂದೆಯೇ ಮಕ್ಕಳು,
ಮಕ್ಕಳ ಹಿಂದೆ "ಟೋಪಿ, ಟೋಪಿ" ಎನ್ನುತ್ತ ಫುಲ್ವಿಯಾ.

ಆಗ ಅಮ್ಮ ತಲೆ ಎತ್ತದೆ,
ಬಿಳಿ ಕಾಳನ್ನು ಒಂದು ಬೆರಳಿನಲ್ಲಿ ತಳ್ಳುತ್ತ ತಳ್ಳುತ್ತ
ಓಣಿ ದಾಟಿಸಿ, ಲಿಫ್ಟ್ ದಾಟಿಸಿ,
ಕಿಟಕಿಯಿಲ್ಲದ ಸಣ್ಣ ಚೌಕವೊಂದರಲ್ಲಿ ಬಿಟ್ಟಳು.
"ಇದಕ್ಕೆ ಎಷ್ಟಂತೆ?"

"ಅಪ್ಪ?"
"ಅವರಿಗೆ ಬಾಲ್ಕನಿ ಕೊಡಿ.
ಅಷ್ಟು ವರ್ಷ ನೀರಿನ ಕೆಳಗಿದ್ದು ಬಂದರು, ಸಮುದ್ರ ನೋಡಿಲ್ಲ.
ಕೇಳಿದರೆ ನೋಡಿದ್ದೇನೆ ಅಂತಾರೆ.
ನಾನು ಈ ಕಿಟಕಿಯಿಂದ ನೋಡಿ ಮುಗಿಸಿದೆ."

"ಹಾಗಾದರೆ ನಾವಿಬ್ಬರೂ ಒಂದೇ ಕೋಣೆ ಹಿಡಿಯೋಣ, ಅಮ್ಮ.
ದುಡ್ಡೂ ಉಳಿಯುತ್ತೆ."
ಅಮ್ಮ ಒಂದು ಕಲ್ಲು ಆರಿಸಿ ತಟ್ಟೆಯ ಅಂಚಿಗಿಟ್ಟಳು.
"ನೀನೂ ಬೇಡ."
ಆಮೇಲೆ, ತುಸು ನಾಚಿದಂತೆ,
"ಏಳೇ ರಾತ್ರಿ ಅಲ್ಲವೇನೆ."

ಎಪ್ಪತ್ತು ತುಂಬಿದವಳು.
ಹುಟ್ಟಿದ ಮನೆಯಲ್ಲಿ ನಾಲ್ವರು ತಂಗಿಯರ ನಡುವೆ,
ಆಮೇಲೆ ನಮ್ಮ ಜ್ವರಗಳ ನಡುವೆ, ಆಮೇಲೆ ಅಪ್ಪನ ಗೊರಕೆಯ ಪಕ್ಕ.
ಯಾರಿಗೂ ಗೊತ್ತಿಲ್ಲ ಅವಳು ಒಬ್ಬಳೇ ಮಲಗಿದರೆ
ಹಾಸಿಗೆಯ ಯಾವ ಮಗ್ಗುಲು ಹಿಡಿಯುತ್ತಾಳೆಂದು.
ಅವಳಿಗೂ ಗೊತ್ತಿರಲಿಕ್ಕಿಲ್ಲ.

ಅಪ್ಪ ಕೆದರಿದ ತಲೆ, ನೀರು ಸುರಿವ ಕಣ್ಣು ಹೊತ್ತು ಬಂದರು.
ನಕ್ಷೆ ನೋಡಿದರು. ಬೇರೆ ಕೂತ ಬಿಳಿ ಕಾಳನ್ನು ನೋಡಿದರು.
ಗಾಳಿ ಒಂದು ಸುತ್ತು ಮನೆಯನ್ನು ಹಿಂಡಿ ಹೋಯಿತು.
ಕನ್ನಡಕ ಒರೆಸಿ, ಬಗ್ಗಿ,
ಮೇಲಿನ ಅಂತಸ್ತಿನ ಹಾಳೆಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರು,
ಕೆಳಗಿನದನ್ನು ಕೆಳಗಿಟ್ಟು ಮತ್ತೊಮ್ಮೆ.
ಕಾಳು ಉರುಳಿ ನೆಲಕ್ಕೆ ಬಿತ್ತು, ಹೆಕ್ಕಿಕೊಂಡರು.

"ಇದರ ತಲೆ ಮೇಲೆ ನಾಚುವ ಹಾಲ್ ಇದೆ, ಕುಣಿಯುತ್ತಾರೆ ರಾತ್ರಿಯೆಲ್ಲ,"
ಎಂದರು ಯಾರಿಗೆಂದಿಲ್ಲದೆ.
ಬಿಳಿ ಕಾಳನ್ನು ನಾಲ್ಕು ಚೌಕ ಆಚೆ ಸರಿಸಿ
ಬೆರಳು ತೆಗೆಯದೆ ಸ್ವಲ್ಪ ಹೊತ್ತು ನಿಂತರು.
"ಇಲ್ಲಿ. ಇಲ್ಲಿ ನಿದ್ದೆ ಬರುತ್ತೆ."